ಆ್ಯಪ್ ಮೊದಲು, ಕಾಯ್ದೆ ಆಮೇಲೆ: ನಡುವೆ ನಮ್ಮ ಗಲ್ಲಾ

ಹೋಟೆಲ್ ಉದ್ಯಮದಲ್ಲಿರುವ ನಮಗೆ ಕಾನೂನು ಹೊಸ ಸಂಗತಿಯೇನಲ್ಲ. ಪಾಲಿಕೆಯ ಆರೋಗ್ಯ ಪರವಾನಗಿ, ಅಗ್ನಿಶಾಮಕ ಇಲಾಖೆಯ ಎನ್‌ಒಸಿ, ತೂಕ ಮತ್ತು ಅಳತೆಯ ಮುದ್ರೆ, ಪಿಎಫ್, ಇಎಸ್‌ಐ ಎಂದು ಪಟ್ಟಿ ಮಾಡುತ್ತ ಹೋದರೆ ಮುಗಿಯುವುದಿಲ್ಲ. ಗಲ್ಲಾದ ಹಿಂದಿನ ಗೋಡೆಯಲ್ಲಿ ದೇವರ ಪಟದ ಪಕ್ಕ ಕಟ್ಟು ಹಾಕಿಸಿ ತೂಗುಹಾಕಿದ ಕಾಗದಗಳೇ ಇದಕ್ಕೆ ಸಾಕ್ಷಿ. ಆದರೆ ಇವೆಲ್ಲ ಕಣ್ಣಿಗೆ ಕಾಣುವ ವಸ್ತುಗಳ ಮೇಲಿನ ಕಾನೂನುಗಳು. ಅಡುಗೆಮನೆ, ಚಿಮಣಿ, ಗ್ಯಾಸ್ ಸಿಲಿಂಡರು, ತಕ್ಕಡಿ, ಕೆಲಸದ ಹುಡುಗ. ಅಧಿಕಾರಿ ಬಂದರೆ ಕರೆದುಕೊಂಡು ಹೋಗಿ ತೋರಿಸಬಹುದು, ತಪ್ಪಿದ್ದರೆ ಸರಿ ಮಾಡಬಹುದು.

ಕಳೆದ ಹತ್ತು ವರ್ಷಗಳಲ್ಲಿ ಬಂದಿರುವ ಕಾನೂನುಗಳು ಹಾಗಲ್ಲ. ಅವು ನಮ್ಮ ಕೈಯಲ್ಲಿರುವ ಮೊಬೈಲಿನ ಒಳಗೆ, ಗಲ್ಲಾದ ಮೇಲಿನ ಚೌಕಾಕಾರದ ಕ್ಯೂಆರ್ ಕೋಡಿನಲ್ಲಿ, ಪಾರ್ಸೆಲ್ ಕೌಂಟರಿನ ಎದುರು ಕೆಂಪು, ಕಿತ್ತಳೆ ಅಂಗಿ ತೊಟ್ಟು ಕಾಯುವ ಹುಡುಗರ ಲೆಕ್ಕದಲ್ಲಿ ಅಡಗಿವೆ. ಇವುಗಳ ಚರಿತ್ರೆಯನ್ನು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಹೊಸ ತಂತ್ರಜ್ಞಾನ ಬಂದಾಗ ಕಾನೂನು ಮಾಡುವವರು ಮೊದಲು ಮಾಡಬೇಕಾದ ಕೆಲಸ ಅದಕ್ಕೊಂದು ಹೆಸರಿಡುವುದು. ಮಧ್ಯವರ್ತಿ ಯಾರು, ಪೂರೈಕೆದಾರ ಯಾರು, ದೊಡ್ಡ ವ್ಯಾಪಾರಿ ಯಾರು, ಚಿಕ್ಕವ ಯಾರು. ಈ ಹೆಸರುಗಳು ವ್ಯಾಖ್ಯಾನದ ಕಲಮಿನಲ್ಲಿ ಕೂತ ದಿನವೇ ಹಣ ಯಾರ ಜೇಬಿನಿಂದ ಹೋಗಬೇಕು ಎಂಬುದು ತೀರ್ಮಾನವಾಗಿಬಿಡುತ್ತದೆ. ನಾವು ಮಾತ್ರ ಹೆಸರಿಡುವ ದಿನ ಅಂಗಡಿ ನೋಡಿಕೊಂಡಿದ್ದು, ನೋಟಿಸು ಬಂದ ದಿನ ಸಂಘದ ಕಚೇರಿಗೆ ಓಡಿ ಬರುತ್ತೇವೆ.

ಕಾನೂನು ಮಾಡುವವರು ಎಂದರೆ ಸಂಸತ್ತು ಮಾತ್ರ ಎಂದು ತಿಳಿಯಬಾರದು. ನಮ್ಮ ವ್ಯಾಪಾರವನ್ನು ಹೆಚ್ಚಾಗಿ ಬದಲಿಸಿದ್ದು ಜಿಎಸ್‌ಟಿ ಮಂಡಳಿಯ ಶಿಫಾರಸು, ರಿಸರ್ವ್ ಬ್ಯಾಂಕಿನ ಸುತ್ತೋಲೆ, ಮಂತ್ರಾಲಯಗಳ ಅಧಿಸೂಚನೆ. ಲೋಕಸಭೆಯಲ್ಲಿ ಚರ್ಚೆ ನಡೆದು ಮರುದಿನ ಪತ್ರಿಕೆಯಲ್ಲಿ ಬರುವ ಸಂಗತಿಗಳಲ್ಲ ಇವು. ಎರಡು ಪುಟದ ಒಂದು ಅಧಿಸೂಚನೆ ಹೊರಡುತ್ತದೆ, ನಮ್ಮ ಲೆಕ್ಕಿಗರು ಅದನ್ನು ನೋಡಿದರೆ ನಮ್ಮ ಪುಣ್ಯ.

ಗಲ್ಲಾದ ಮೇಲಿನ ಚೌಕ

ಯುಪಿಐ 2016ರ ಏಪ್ರಿಲಿನಲ್ಲಿ ಆರಂಭವಾಯಿತು. ಅದೇ ವರ್ಷ ನವೆಂಬರ್ 8ರ ರಾತ್ರಿ ನೋಟು ರದ್ದಾದ ಮೇಲೆ ಚಿಲ್ಲರೆಗೆ ಪರದಾಡಿದ್ದನ್ನು ನಾವ್ಯಾರೂ ಮರೆತಿಲ್ಲ. ಆಮೇಲಿನ ವರ್ಷಗಳಲ್ಲಿ ಗಲ್ಲಾದ ಮೇಲೆ ಒಂದರ ಪಕ್ಕ ಒಂದರಂತೆ ಫಲಕಗಳು ಬಂದವು. ಈ ಕಂಪನಿಯದೊಂದು, ಆ ಕಂಪನಿಯದೊಂದು. ಒಬ್ಬ ಗಿರಾಕಿ ಮಸಾಲೆ ದೋಸೆ ತಿಂದು ಎದ್ದು ಬಂದರೆ ಯಾವ ಫಲಕ ತೋರಿಸಬೇಕೆಂದು ಕ್ಯಾಷಿಯರ್ ಹುಡುಕಬೇಕು. ಇದನ್ನು ಸರಿಪಡಿಸಿದ್ದು ಕಾನೂನೇ. 2020ರ ಅಕ್ಟೋಬರ್ 22ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಆದೇಶದಂತೆ ಯಾವ ಕಂಪನಿಯೂ ತನ್ನ ಗಿರಾಕಿಗಳಿಗೆ ಮಾತ್ರ ನಡೆಯುವ ಹೊಸ ಕೋಡ್ ತರುವಂತಿಲ್ಲ, ಇರುವವೂ 2022ರ ಮಾರ್ಚ್ 31ರ ಒಳಗೆ ಎಲ್ಲರಿಗೂ ನಡೆಯುವ ಕೋಡಿಗೆ ಬದಲಾಗಬೇಕು. ಇಂದು ಯಾವ ಆ್ಯಪಿನವನು ಬಂದರೂ ಒಂದೇ ಚೌಕ ಸಾಕು. ಕಾನೂನಿನವರನ್ನು ಬೈಯುವಾಗ ಇಂಥದನ್ನೂ ನೆನಪಿಟ್ಟುಕೊಳ್ಳುವುದು ನ್ಯಾಯ.

ಇನ್ನೊಂದು ಉಪಕಾರ 2020ರ ಜನವರಿ 1ರಿಂದ ಬಂದದ್ದು. ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿನ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಪಡೆಯುವಂತಿಲ್ಲ ಎಂದು ಸರಕಾರ ತೀರ್ಮಾನಿಸಿತು. ಪಾವತಿ ವ್ಯವಸ್ಥೆಗಳ ಕಾಯ್ದೆಗೆ 10ಎ ಎಂಬ ಕಲಮು ಸೇರಿಸಿ, ಎಂಡಿಆರ್ ಎಂದು ಕರೆಯುವ ಶುಲ್ಕವನ್ನು ಸೊನ್ನೆಗೆ ಇಳಿಸಿತು. ಹೊಸ ತಂತ್ರಜ್ಞಾನ ಬೇರೂರಲಿ ಎಂದು ಅದರ ಬೆಲೆಯನ್ನೇ ಕಾನೂನಿನಿಂದ ಸೊನ್ನೆ ಮಾಡಿದ್ದು ಅಪರೂಪದ ಸಂಗತಿ. ಆದರೆ ಸೊನ್ನೆ ಎಂದರೆ ಖರ್ಚೇ ಇಲ್ಲ ಎಂದಲ್ಲ. ಆ ಖರ್ಚನ್ನು ಬ್ಯಾಂಕುಗಳೂ ಸರಕಾರದ ಬೊಕ್ಕಸವೂ ಹೊರುತ್ತಿವೆ. ಸಣ್ಣ ವ್ಯಾಪಾರಿಗಳು ಪಡೆಯುವ 2,000 ರೂಪಾಯಿವರೆಗಿನ ಪಾವತಿಗೆ ಶೇ. 0.15ರಂತೆ ಪ್ರೋತ್ಸಾಹಧನ ಕೊಡಲು 2024-25ಕ್ಕೆ 1,500 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2025ರ ಮಾರ್ಚಿನಲ್ಲಿ ಒಪ್ಪಿಗೆ ಕೊಟ್ಟಿತ್ತು. ಅದೇ ತಿಂಗಳು ಪಾವತಿ ಕಂಪನಿಗಳ ಸಂಘಟನೆ ದೊಡ್ಡ ವ್ಯಾಪಾರಿಗಳಿಂದ ಶೇ. 0.3 ಶುಲ್ಕ ಪಡೆಯಲು ಅವಕಾಶ ಕೋರಿ ಪ್ರಧಾನಿಗೆ ಪತ್ರ ಬರೆಯಿತು. ಜೂನ್ ತಿಂಗಳಲ್ಲಿ ಶುಲ್ಕ ಬರುತ್ತದೆಂಬ ಸುದ್ದಿ ಹಬ್ಬಿದಾಗ ಹಣಕಾಸು ಮಂತ್ರಾಲಯ ಅದು ಸುಳ್ಳು ಎಂದು ಹೇಳಿತು. ಆದರೆ ಈ ಖರ್ಚನ್ನು ಯಾರಾದರೂ ಭರಿಸಲೇಬೇಕು ಎಂಬ ಅರ್ಥದ ಮಾತನ್ನು ರಿಸರ್ವ್ ಬ್ಯಾಂಕಿನ ಗವರ್ನರರು ಆ ವರ್ಷವೇ ಆಡಿದ್ದಾರೆ.

ಇಲ್ಲಿ ನಮ್ಮವರು ಗಮನಿಸಬೇಕಾದದ್ದು ಶೇ. 0.3 ಎಂಬ ಅಂಕಿಯನ್ನಲ್ಲ, 'ದೊಡ್ಡ ವ್ಯಾಪಾರಿ' ಎಂಬ ಎರಡು ಶಬ್ದಗಳನ್ನು. 2017ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ಡೆಬಿಟ್ ಕಾರ್ಡಿನ ಶುಲ್ಕ ನಿಗದಿ ಮಾಡಿದಾಗ ವರ್ಷಕ್ಕೆ 20 ಲಕ್ಷದವರೆಗೆ ವಹಿವಾಟು ಇರುವವರು ಸಣ್ಣ ವ್ಯಾಪಾರಿ, ಅದರ ಮೇಲಿನವರೆಲ್ಲ ಬೇರೆ ಎಂದು ಗೆರೆ ಎಳೆದಿತ್ತು. 20 ಲಕ್ಷವನ್ನು 365ರಿಂದ ಭಾಗಿಸಿ ನೋಡಿ. ದಿನಕ್ಕೆ 5,500 ರೂಪಾಯಿಗಿಂತ ಸ್ವಲ್ಪ ಕಡಿಮೆ. ಮಾಟುಂಗದಲ್ಲೋ ಟಿ. ನಗರದಲ್ಲೋ ಆ ವ್ಯಾಪಾರ ಬೆಳಗಿನ ಇಡ್ಲಿ-ಕಾಫಿಯಲ್ಲೇ ಮುಗಿದುಹೋಗುತ್ತದೆ. ನಾಳೆ ಶುಲ್ಕ ಮರಳಿ ಬರುವುದಾದರೆ ಆ ಹಳೆಯ ಗೆರೆಯನ್ನೇ ಇಟ್ಟುಕೊಂಡರೆ ನಮ್ಮಲ್ಲಿ ಎಲ್ಲರೂ ದೊಡ್ಡ ವ್ಯಾಪಾರಿಗಳೇ. ದಿನಕ್ಕೆ 60,000 ರೂಪಾಯಿ ಯುಪಿಐಯಲ್ಲಿ ಬರುವ ಹೋಟೆಲಿಗೆ ಶೇ. 0.3 ಎಂದರೆ 180 ರೂಪಾಯಿ, ವರ್ಷಕ್ಕೆ 65,000ಕ್ಕಿಂತ ಹೆಚ್ಚು. ಒಂದು ಹೊಸ ಗ್ರೈಂಡರಿಗೆ ಕೂಡಿಡಬಹುದಾದ ಹಣ.

ಬೆಂಗಳೂರಿನ ನೋಟಿಸುಗಳು

ಇದೇ 20 ಲಕ್ಷದ ಗೆರೆ ನಮ್ಮ ತಾಯ್ನಾಡಿನಲ್ಲಿ 2025ರ ಜುಲೈಯಲ್ಲಿ ಎಬ್ಬಿಸಿದ ಗದ್ದಲವನ್ನು ಎಲ್ಲರೂ ಓದಿದ್ದೀರಿ. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ನಾಲ್ಕು ವರ್ಷಗಳ ಯುಪಿಐ ವಹಿವಾಟಿನ ಮಾಹಿತಿ ತರಿಸಿಕೊಂಡು, ಮಿತಿ ಮೀರಿದವರೆಂದು ಕಂಡ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ವಸ್ತು ಮಾರುವವರಿಗೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ಮಿತಿ. ಕಾಂಡಿಮೆಂಟ್ಸ್, ಬೇಕರಿ, ಚಹಾ ಅಂಗಡಿ, ತರಕಾರಿ ಗಾಡಿ ಎಲ್ಲರೂ ಬೆಚ್ಚಿದರು. 'ಯುಪಿಐ ಇಲ್ಲ, ನಗದು ಮಾತ್ರ' ಎಂದು ಕೈಬರಹದ ಚೀಟಿಗಳು ಅಂಗಡಿಗಳ ಮುಂದೆ ಕಾಣಿಸಿದವು. ದೇಶದ ಡಿಜಿಟಲ್ ರಾಜಧಾನಿ ಎನ್ನಿಸಿಕೊಂಡ ಊರಿನಲ್ಲಿ! ಜುಲೈ 25ಕ್ಕೆ ಬಂದ್ ಎಂದು ಘೋಷಣೆಯೂ ಆಯಿತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಜತೆ ಸಭೆ ನಡೆಸಿ, ಹಾಲು, ತರಕಾರಿ, ಹಣ್ಣಿನಂತಹ ತೆರಿಗೆ ಇಲ್ಲದ ಸರಕು ಮಾರುವವರಿಂದ ತೆರಿಗೆ ಕೇಳುವುದಿಲ್ಲ, ಜಿಎಸ್‌ಟಿಯಲ್ಲಿ ನೋಂದಾಯಿಸಿಕೊಳ್ಳುವವರ ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ ಎಂದು ಭರವಸೆ ಕೊಟ್ಟ ಮೇಲೆ ಬಂದ್ ಹಿಂದೆ ಸರಿಯಿತು.

ಇದರಲ್ಲಿ ಇಲಾಖೆ ಹೊಸ ಕಾನೂನು ಏನನ್ನೂ ತಂದಿರಲಿಲ್ಲ. ಮಿತಿ 2017ರಿಂದ ಇದ್ದದ್ದೇ. ನಗದಿನ ಕಾಲದಲ್ಲಿ ಆ ಮಿತಿ ಕಾಗದದ ಮೇಲಿತ್ತು, ಯುಪಿಐ ಬಂದ ಮೇಲೆ ಅದು ಎಲ್ಲರಿಗೂ ಕಾಣುವಂತಾಯಿತು, ಅಷ್ಟೆ. ಯಂತ್ರ ಬದಲಾದಾಗ ಹಳೆಯ ಕಾನೂನಿನ ಹಲ್ಲು ತಾನಾಗಿ ಹರಿತವಾಗುವುದು ಹೀಗೆ. ಯುಪಿಐಗೆ ಬಂದದ್ದೆಲ್ಲ ವ್ಯಾಪಾರವಲ್ಲ, ಊರಿನಿಂದ ಅಣ್ಣ ಕಳಿಸಿದ ಹಣ, ಕೈಸಾಲ, ಚೀಟಿಯ ಕಂತು ಇವೂ ಅದೇ ಖಾತೆಗೆ ಬೀಳುತ್ತವೆ ಎಂದು ಅಲ್ಲಿನ ವ್ಯಾಪಾರಿಗಳು ಹೇಳಿಕೊಂಡರು. ಮಾತು ನಿಜ. ಆದರೆ ಅದನ್ನು ರುಜುವಾತು ಮಾಡುವ ಹೊಣೆ ನೋಟಿಸು ಬಂದವನ ಮೇಲೆಯೇ ಬೀಳುತ್ತದೆ. ಹೋಟೆಲಿನ ಕೋಡಿಗೆ ಒಂದು ಚಾಲ್ತಿ ಖಾತೆ, ಮನೆಯ ವ್ಯವಹಾರಕ್ಕೆ ಬೇರೆ ಖಾತೆ ಎಂದು ಇಂದೇ ಬೇರ್ಪಡಿಸಿಕೊಂಡವರು ಬುದ್ಧಿವಂತರು.

ಇಡ್ಲಿ ನಮ್ಮದು, ಬಿಲ್ಲು ಅವರದು

ಈಗ ಆ್ಯಪ್ ಕಂಪನಿಗಳ ವಿಚಾರಕ್ಕೆ ಬರೋಣ. ಹೆಸರಿಡುವ ಆಟದ ಪೂರ್ತಿ ರೂಪ ಕಾಣುವುದು ಇಲ್ಲಿಯೇ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಣ್ಣಿಗೆ ಇಂಥ ಕಂಪನಿ 'ಮಧ್ಯವರ್ತಿ', ಅಂದರೆ ಇಬ್ಬರ ನಡುವೆ ಸಂದೇಶ ಸಾಗಿಸುವವನು. ಅವನ ಮೂಲಕ ಹೋದದ್ದಕ್ಕೆ ಅವನು ಸಾಮಾನ್ಯವಾಗಿ ಹೊಣೆಯಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳಲ್ಲಿ ಅದು ಒಂದು 'ಮಾರುಕಟ್ಟೆ'. ಜಿಎಸ್‌ಟಿಯಲ್ಲಿ ಮಾತ್ರ 2022ರ ಜನವರಿ 1ರಿಂದ ಅದೇ ಕಂಪನಿ ನಮ್ಮ ಅಡುಗೆಯ ಪೂರೈಕೆದಾರನ ಜಾಗದಲ್ಲಿ ಬಂದು ಕೂತಿದೆ.

ಆದದ್ದು ಹೀಗೆ. ಜಿಎಸ್‌ಟಿ ಬಂದ ಹೊಸತರಲ್ಲಿ ಎ.ಸಿ. ಇಲ್ಲದ ಹೋಟೆಲಿಗೆ ಶೇ. 12, ಎ.ಸಿ. ಇದ್ದರೆ ಶೇ. 18 ಇತ್ತು. 2017ರ ನವೆಂಬರ್ 15ರಿಂದ ಎರಡಕ್ಕೂ ಶೇ. 5 ಆಯಿತು, ಆದರೆ ನಾವು ಕೊಂಡ ಸರಕು-ಸೇವೆಯ ಮೇಲಿನ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಹಕ್ಕು ಹೋಯಿತು. ಆಗ ಆ್ಯಪಿನಲ್ಲಿ ಮಾರಿದ ಊಟಕ್ಕೂ ತೆರಿಗೆ ಕಟ್ಟುವವರು ನಾವೇ. ಆ್ಯಪ್‌ಗಳು ತೋರಿಸಿದ ವಹಿವಾಟಿಗೂ ಕೆಲವು ಹೋಟೆಲ್‌ಗಳು ತೋರಿಸಿದ ವಹಿವಾಟಿಗೂ ತಾಳೆಯಾಗುತ್ತಿಲ್ಲ ಎಂಬುದು ಅಧಿಕಾರಿಗಳ ತಕರಾರಾಗಿತ್ತು. 2021ರ ಸೆಪ್ಟೆಂಬರ್ 17ರಂದು ಲಖನೌದಲ್ಲಿ ನಡೆದ 45ನೇ ಮಂಡಳಿ ಸಭೆ ಇದಕ್ಕೊಂದು ಉಪಾಯ ಕಂಡುಕೊಂಡಿತು. ಲಕ್ಷಾಂತರ ಹೋಟೆಲುಗಳ ಬೆನ್ನು ಹತ್ತುವುದಕ್ಕಿಂತ ಒಂದೆರಡು ಕಂಪನಿಗಳಿಂದ ವಸೂಲು ಮಾಡುವುದು ಸುಲಭ. ಕಾಯ್ದೆಯಲ್ಲಿ 9(5) ಎಂಬ ಕಲಮು ಮೊದಲೇ ಇತ್ತು, ಟ್ಯಾಕ್ಸಿ ಆ್ಯಪ್‌ಗಳಿಗೆ ಅನ್ವಯಿಸುತ್ತಿತ್ತು. ಅದನ್ನೇ ಹೋಟೆಲಿನ ಊಟಕ್ಕೂ ಎಳೆದರು.

ಫಲವಾಗಿ ಆ್ಯಪ್ ಮೂಲಕ ಹೋದ ಊಟದ ಮೇಲಿನ ಶೇ. 5 ತೆರಿಗೆಯನ್ನು ಈಗ ಆ್ಯಪ್ ಕಂಪನಿಯೇ ಕಟ್ಟುತ್ತದೆ, ಅದರ ತೆರಿಗೆ ಬಿಲ್ಲೂ ಅವರದೇ. ನೋಂದಣಿ ಇಲ್ಲದ ಸಣ್ಣ ಖಾನಾವಳಿಯ ಊಟಕ್ಕೂ ಅವರೇ ಕಟ್ಟಬೇಕು. ದಿನಕ್ಕೆ ಏಳೂವರೆ ಸಾವಿರಕ್ಕಿಂತ ಹೆಚ್ಚು ಬಾಡಿಗೆಯ ಕೋಣೆಗಳಿರುವ ವಸತಿ ಹೋಟೆಲಿನ ಊಟ ಮಾತ್ರ ಇದರಿಂದ ಹೊರಗೆ. ಆದರೆ ಅದೇ ಪಾರ್ಸೆಲಿನ ಜತೆ ಮೊಹರಾದ ಚಕ್ಕುಲಿ ಪೊಟ್ಟಣವೋ ತಂಪು ಪಾನೀಯದ ಬಾಟಲಿಯೋ ಬರೀ ಸರಕಾಗಿ ಹೋದರೆ ಅದರ ತೆರಿಗೆ ನಮ್ಮ ತಲೆಗೇ. ಒಂದೇ ಚೀಲ, ಎರಡು ಯಜಮಾನರು. ಇನ್ನೂ ತಮಾಷೆಯೆಂದರೆ ಕಾನೂನು ಜನವರಿಯಲ್ಲಿ ಜಾರಿಗೆ ಬಂದರೂ ಅದನ್ನು ತೋರಿಸಲು ರಿಟರ್ನ್ ಫಾರಂನಲ್ಲಿ ಜಾಗವೇ ಇರಲಿಲ್ಲ. ಸದ್ಯಕ್ಕೆ ತೆರಿಗೆರಹಿತ ಸರಕಿನ ಕಾಲಮಿನಲ್ಲಿ ತೋರಿಸಿ ಎಂದು ಸುತ್ತೋಲೆ ಬಂತು. ಜಿಎಸ್‌ಟಿಆರ್-3ಬಿಗೆ 3.1.1 ಎಂಬ ಪ್ರತ್ಯೇಕ ಕೋಷ್ಟಕ ಸೇರಿಸಿದ್ದು 2022ರ ಜುಲೈ ತಿಂಗಳಲ್ಲಿ. ಆ ಅರ್ಧ ವರ್ಷದ ಲೆಕ್ಕ ಯಾರದಾದರೂ ಗೋಜಲಾಗಿದ್ದರೆ ತಪ್ಪು ಲೆಕ್ಕಿಗರೊಬ್ಬರದೇ ಅಲ್ಲ.

ನಮ್ಮ ದೃಷ್ಟಿಯಲ್ಲಿ ಇದರ ಮುಖ್ಯ ಪೆಟ್ಟು ಬೇರೆ ಕಡೆ ಇದೆ. 200 ರೂಪಾಯಿಯ ಆರ್ಡರ್ ಎಂದಿಟ್ಟುಕೊಳ್ಳೋಣ, ಕಮಿಷನ್ ಶೇ. 25 ಎಂದೂ ಇಟ್ಟುಕೊಳ್ಳೋಣ. 50 ರೂಪಾಯಿ ಕಮಿಷನ್. ಕಮಿಷನ್ ಎಂಬುದು ಸೇವೆ, ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 9 ರೂಪಾಯಿ. ಶೇ. 5ರ ದರದಲ್ಲಿರುವ ಹೋಟೆಲಿಗೆ ಆ 9 ರೂಪಾಯಿ ಎಲ್ಲಿಯೂ ವಜಾ ಆಗುವುದಿಲ್ಲ. ಜಾಹೀರಾತು, ರಿಯಾಯಿತಿಯ ಪಾಲು ಇವೆಲ್ಲ ಬಿಟ್ಟು ಕೈಗೆ ಬರುವುದು 141. ಅಕ್ಕಿ, ಉದ್ದು, ತೆಂಗು, ಗ್ಯಾಸ್, ಡಬ್ಬಿ, ಸಂಬಳ, ಬಾಡಿಗೆ ಎಲ್ಲ ಅದರಲ್ಲೇ. ಕಮಿಷನ್ ಇಂತಿಷ್ಟೇ ಇರಬೇಕೆಂದು ನಮ್ಮ ದೇಶದ ಯಾವ ಕಾನೂನೂ ಹೇಳಿಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ನ್ಯೂಯಾರ್ಕ್ ನಗರಗಳು ಕೊರೋನಾ ಕಾಲದಲ್ಲಿ, 2020ರಲ್ಲಿ, ವಿತರಣೆಯ ಕಮಿಷನ್ ಶೇ. 15ಕ್ಕೆ ಮೀರಬಾರದೆಂದು ಮಿತಿ ಹಾಕಿದವು. ಆಮೇಲೆ ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ಹಾಗೆ ಮಾಡಿದ್ದು ನಗರಸಭೆಗಳು ಎಂಬುದನ್ನು ಗಮನಿಸಿ. ನಮ್ಮಲ್ಲಿ ನಗರಪಾಲಿಕೆಗೆ ನಮ್ಮ ಬೋರ್ಡಿನ ಅಳತೆ ಕೇಳಲು ಅಧಿಕಾರವಿದೆ, ಕಮಿಷನ್ ಕೇಳಲು ಇಲ್ಲ.

ಡೆಲಿವರಿ ಹುಡುಗನ ಕೂಲಿಯ ಪ್ರಶ್ನೆಯೂ ಇದೇ ದಾರಿಯಲ್ಲಿ ಬಂತು. ಗಿರಾಕಿ ಕೊಡುವ ಡೆಲಿವರಿ ಶುಲ್ಕ ಕಂಪನಿಯ ಆದಾಯವೋ, ಅವರ ಮೂಲಕ ಹುಡುಗನಿಗೆ ಹೋಗುವ ಹಣವೋ? 2019ರ ಅಕ್ಟೋಬರಿನಿಂದ 2022ರ ಮಾರ್ಚಿನವರೆಗಿನ ಡೆಲಿವರಿ ಶುಲ್ಕಕ್ಕೆ ಬಡ್ಡಿ, ದಂಡ ಸೇರಿಸಿ ಸುಮಾರು 803 ಕೋಟಿ ರೂಪಾಯಿ ಕಟ್ಟಬೇಕೆಂದು ಠಾಣೆಯ ಜಿಎಸ್‌ಟಿ ಅಧಿಕಾರಿಗಳು 2024ರ ಡಿಸೆಂಬರಿನಲ್ಲಿ ಜೊಮ್ಯಾಟೊಗೆ ಆದೇಶ ಕೊಟ್ಟದ್ದು ಸುದ್ದಿಯಾಗಿತ್ತು. 2025ರ ಸೆಪ್ಟೆಂಬರಿನ 56ನೇ ಮಂಡಳಿ ಸಭೆ ಅದೇ 9(5)ನ್ನು ಇನ್ನಷ್ಟು ಎಳೆದು, ನೋಂದಣಿ ಇಲ್ಲದವರು ಆ್ಯಪ್ ಮೂಲಕ ಮಾಡುವ ಸ್ಥಳೀಯ ಡೆಲಿವರಿಗೂ ಸೆಪ್ಟೆಂಬರ್ 22ರಿಂದ ಶೇ. 18 ತೆರಿಗೆಯನ್ನು ಕಂಪನಿಯೇ ಕಟ್ಟಬೇಕೆಂದು ಮಾಡಿತು. ಗಿರಾಕಿಯ ಜೇಬಿನಲ್ಲಿರುವುದು ಒಂದೇ 300 ರೂಪಾಯಿ. ಡೆಲಿವರಿಗೆ ಹೆಚ್ಚು ಹೋದರೆ ಅವನು ವಡೆಯೊಂದನ್ನು ಕಡಿಮೆ ಮಾಡುತ್ತಾನೆ.

ಮಂಡಳಿಯ ಬಗ್ಗೆ ಒಂದು ಮಾತು ಸೇರಿಸಬೇಕು. ಅಲ್ಲಿ ಮತದ ತೂಕದಲ್ಲಿ ಕೇಂದ್ರದ್ದು ಮೂರನೇ ಒಂದು, ರಾಜ್ಯಗಳೆಲ್ಲ ಸೇರಿ ಮೂರನೇ ಎರಡು, ತೀರ್ಮಾನಕ್ಕೆ ಮುಕ್ಕಾಲು ಬೇಕು. ಅಂದರೆ ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣ, ದೆಹಲಿಯ ಮಂತ್ರಿಗಳು ಅಲ್ಲಿ ಕೂತಿರುತ್ತಾರೆ. ನಾವು ಮನವಿ ಪತ್ರವನ್ನು ದೆಹಲಿಗೆ ಅಂಚೆ ಮಾಡಿ ಕೈತೊಳೆದುಕೊಳ್ಳುತ್ತೇವೆ, ನಮ್ಮ ಹೋಟೆಲಿನಲ್ಲಿ ಕಾಫಿ ಕುಡಿದು ಹೋಗುವ ಶಾಸಕರನ್ನು ಕೇಳುವುದಿಲ್ಲ.

ತನಿಖೆಯ ವೇಗ

2019ರ ಆಗಸ್ಟಿನಲ್ಲಿ ಭಾರೀ ರಿಯಾಯಿತಿಗಳ ವಿರುದ್ಧ ಹೋಟೆಲುಗಳು ಆ್ಯಪ್‌ಗಳಿಂದ ಹೊರಬರುವ 'ಲಾಗ್‌ಔಟ್' ಚಳವಳಿ ಗುರುಗ್ರಾಮದಲ್ಲಿ ಹುಟ್ಟಿ ಬೇರೆ ನಗರಗಳಿಗೂ ಹಬ್ಬಿತ್ತು. 2021ರಲ್ಲಿ ರಾಷ್ಟ್ರೀಯ ರೆಸ್ಟೋರೆಂಟ್ ಸಂಘ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2022ರ ಏಪ್ರಿಲ್ 4ರಂದು ಆಯೋಗ ಜೊಮ್ಯಾಟೊ, ಸ್ವಿಗ್ಗಿಗಳ ಮೇಲೆ ತನಿಖೆಗೆ ಆದೇಶಿಸಿತು. ಬೇರೆಡೆ ಇದಕ್ಕಿಂತ ಕಡಿಮೆ ಬೆಲೆಗೆ ಮಾರಬಾರದೆಂಬ ಕರಾರು, ತಮ್ಮದೇ ಅಡುಗೆಮನೆಗಳನ್ನು ತಮ್ಮದೇ ಆ್ಯಪಿನಲ್ಲಿ ಮುಂದೆ ತೋರಿಸುವ ಶಂಕೆ ಇವು ಅದರಲ್ಲಿ ಮುಖ್ಯವಾದವು. ತನಿಖಾ ವರದಿ ಸಿದ್ಧವಾದದ್ದು 2024ರಲ್ಲಿ. ದೂರಿನಿಂದ ವರದಿಗೆ ಮೂರು ವರ್ಷ. ಅಷ್ಟರಲ್ಲಿ ದೂರು ಕೊಡುವಾಗ ಇದ್ದ ಎಷ್ಟೋ ಸಣ್ಣ ಹೋಟೆಲುಗಳ ಜಾಗದಲ್ಲಿ ಇಂದು ಮೊಬೈಲ್ ಅಂಗಡಿಗಳಿವೆ.

ವಸತಿ ಹೋಟೆಲುಗಳ ವಿಚಾರದಲ್ಲಿ ಆಯೋಗ ತೀರ್ಮಾನದವರೆಗೂ ಹೋಗಿತ್ತು. 2022ರ ಅಕ್ಟೋಬರ್ 19ರಂದು ಮೇಕ್‌ಮೈಟ್ರಿಪ್-ಗೋಐಬಿಬೊಗೆ 223.48 ಕೋಟಿ, ಓಯೋಗೆ 168.88 ಕೋಟಿ ದಂಡ ಹಾಕಿ, ಹೋಟೆಲುಗಳ ಮೇಲೆ ಹೇರಿದ್ದ ಬೆಲೆ ಸಮಾನತೆಯ ಕರಾರನ್ನು ತಿದ್ದಲು ಹೇಳಿತು. ಕಂಪನಿಗಳು ಮೇಲ್ಮನವಿ ಹೋದವು.

ಅನಾಹುತ ಆದ ಮೇಲೆ ತನಿಖೆ ಮಾಡುವುದು ಸಾಲದು, ಮೊದಲೇ ನಿಯಮ ಹಾಕಬೇಕು ಎಂದು ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿ 2022ರ ಡಿಸೆಂಬರಿನಲ್ಲಿ ಹೇಳಿತು. ಅದರಂತೆ 2024ರ ಮಾರ್ಚಿನಲ್ಲಿ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು ಬಂತು. ಮತ್ತೆ ಹೆಸರಿನ ಪ್ರಶ್ನೆ! ದೊಡ್ಡ ಡಿಜಿಟಲ್ ಸಂಸ್ಥೆ ಯಾವುದು ಎಂಬುದಕ್ಕೆ ಭಾರತದಲ್ಲಿ 4,000 ಕೋಟಿ ವಹಿವಾಟು ಮುಂತಾದ ಹಣದ ಅಳತೆಗಳಲ್ಲಿ ಒಂದು, ಜತೆಗೆ ಒಂದು ಕೋಟಿ ಬಳಕೆದಾರರು ಅಥವಾ 10,000 ವ್ಯಾಪಾರಿ ಬಳಕೆದಾರರು ಎಂದು ಕರಡಿನಲ್ಲಿತ್ತು. ಆ 'ವ್ಯಾಪಾರಿ ಬಳಕೆದಾರ' ಎಂದರೆ ನಾವು. ನಮ್ಮ ಹಿತಕ್ಕೆಂದು ಹೊರಟ ಮೊದಲ ಡಿಜಿಟಲ್ ಕರಡು ಅದು ಎನ್ನಬಹುದು. ಅದಕ್ಕೆ ಸಾರ್ವಜನಿಕ ಅಭಿಪ್ರಾಯ ಕೇಳಿದಾಗ ದೊಡ್ಡ ಕಂಪನಿಗಳು ದಪ್ಪ ದಪ್ಪ ಉತ್ತರಗಳನ್ನು ಕಳಿಸಿದವು. ಇನ್ನಷ್ಟು ಅಧ್ಯಯನ ಬೇಕೆಂಬ ಮಾತಿನಲ್ಲಿ ಮಸೂದೆ ನಿಂತುಹೋಗಿದೆ. ನಮ್ಮ ಲಾಭದ ಕಾನೂನು ಅಧ್ಯಯನಕ್ಕೆ, ನಮ್ಮಿಂದ ವಸೂಲಿಯ ಕಾನೂನು ಅಧಿಸೂಚನೆಗೆ ಎಂದು ಸದಸ್ಯರೊಬ್ಬರು ಸಭೆಯಲ್ಲಿ ಗೊಣಗಿದ್ದನ್ನು ಇಲ್ಲಿ ಬರೆಯದೆ ಇರಲಾಗಲಿಲ್ಲ.

ಡೆಲಿವರಿ ಹುಡುಗರ ವಿಷಯದಲ್ಲಿ ಶಾಸಕರು ಸ್ವಲ್ಪ ಬೇಗ ಎಚ್ಚೆತ್ತಿದ್ದಾರೆ. ರಾಜಸ್ಥಾನ 2023ರಲ್ಲಿ ದೇಶದಲ್ಲೇ ಮೊದಲಿಗೆ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ಕರ್ನಾಟಕ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಿಂದ ಆರಂಭಿಸಿ ಅದೇ ವರ್ಷ ಕಾಯ್ದೆ ಮಾಡಿತು. ಕಾರ್ಮಿಕನಿಗೆ ಪ್ರತಿ ಕೆಲಸಕ್ಕೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಂಪನಿ ಕಟ್ಟಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಕಂಪನಿಗಳು ವಾರ್ಷಿಕ ವಹಿವಾಟಿನ ಶೇ. 1ರಿಂದ 2 ಕೊಡಬೇಕೆಂದಿದೆ, ಅದು ಕಾರ್ಮಿಕರಿಗೆ ಕೊಟ್ಟದ್ದರ ಶೇ. 5 ಮೀರಬಾರದು. ಮಳೆಯಲ್ಲಿ ನೆನೆದು ನಮ್ಮ ಬಿಸಿಬೇಳೆಬಾತು ಮುಟ್ಟಿಸುವ ಹುಡುಗನಿಗೆ ವಿಮೆ ಬೇಡ ಎನ್ನುವವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಆ ಹಣವನ್ನು ಕಂಪನಿ ಮುಂದಿನ ಕರಾರಿನಲ್ಲಿ 'ಇತರೆ ಶುಲ್ಕ' ಎಂದು ನಮ್ಮ ಮೇಲೆ ಹಾಕಿದೆಯೇ ಎಂದು ನೋಡಿಕೊಳ್ಳುವುದು ಮಾತ್ರ ನಮ್ಮ ಕೆಲಸ.

ಗಿರಾಕಿಯ ಮೊಬೈಲ್ ನಂಬರು

ಕೊನೆಯದಾಗಿ, ಇನ್ನೂ ಸಮಯವಿರುವ ಒಂದು ಕಾನೂನು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತ ಪ್ರಕರಣಕ್ಕೆ ಹೆಸರು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರಿಂದ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದ್ದ ಹಿರಿಯರು ಅವರು. 2024ರಲ್ಲಿ ತೀರಿಕೊಂಡರು. ಆ ತೀರ್ಪಿನ ಬೆನ್ನಿಗೆ ಹಲವು ಕರಡುಗಳು ಬಂದು ಹೋಗಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ವ್ಯಾಪಾರಿಗಳ ಮುಖ್ಯ ಹೊಣೆಗಳಿಗೆ ಅದರಲ್ಲಿ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ, ಅಂದರೆ 2027ರ ಮೇ.

ಇದು ದೊಡ್ಡ ಐಟಿ ಕಂಪನಿಗಳಿಗೆ ಎಂದು ಪುಟ ಮಗುಚಬೇಡಿ. ಯಾವ ಉದ್ದೇಶಕ್ಕೆ, ಹೇಗೆ ಮಾಹಿತಿ ಬಳಸಬೇಕೆಂದು ತೀರ್ಮಾನಿಸುವವರು ಯಾರೋ ಅವರೇ ಹೊಣೆಗಾರರು ಎಂದು ಕಾಯ್ದೆ ಹೇಳುತ್ತದೆ. ಬಿಲ್ಲಿಂಗ್ ಯಂತ್ರದಲ್ಲಿ ಗಿರಾಕಿಯ ನಂಬರು ಹಾಕಿಸಿ ಹಬ್ಬಕ್ಕೆ ಹೋಳಿಗೆ ಆಫರ್ ಕಳಿಸುವ ಹೋಟೆಲು ಹೊಣೆಗಾರನೇ. ಮದುವೆ ಕೇಟರಿಂಗಿನವರು ಎರಡೂ ಮನೆಯವರ ವಿಳಾಸ, ನಂಬರು, ಮುಂಗಡದ ವಿವರಗಳನ್ನು ಕಂಪ್ಯೂಟರಿನಲ್ಲಿ ಇಟ್ಟರೆ ಅವರೂ ಹೌದು. ರೂಲು ಹಾಕಿದ ಹಳೆಯ ಪುಸ್ತಕದಲ್ಲಿ ಬರೆದಿಟ್ಟರೆ ಈ ಕಾಯ್ದೆ ಮುಟ್ಟುವುದಿಲ್ಲ. ಮಗ ಬಂದು ಅದನ್ನು ಲ್ಯಾಪ್‌ಟಾಪಿಗೆ ಏರಿಸಿದ ದಿನದಿಂದ ಮುಟ್ಟುತ್ತದೆ. ನಂಬರು ಯಾವುದಕ್ಕೆ ಬೇಕು ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು, ಆ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಒಂದರಲ್ಲೋ ಓದುವ ಆಯ್ಕೆ ಗಿರಾಕಿಗೆ ಇರಬೇಕು. ದಾದರಿನಲ್ಲಿ ಮರಾಠಿ ಕೇಳುವವನೂ ಬರಬಹುದು, ಕನ್ನಡವೇ ಬೇಕೆನ್ನುವವರೂ ಬರಬಹುದು. ಬಿಲ್ ಕೊಡಲು ಮೊಬೈಲ್ ನಂಬರು ಕಡ್ಡಾಯ ಮಾಡಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಸಲಹೆ ಕೊಟ್ಟಿದೆ.

ಕೆಲಸಗಾರರ ಆಧಾರ್ ಪ್ರತಿ, ಬ್ಯಾಂಕ್ ಖಾತೆ ಇಟ್ಟುಕೊಳ್ಳಲು ಉದ್ಯೋಗದ ಕಾರಣಕ್ಕೆ ಬೇರೆ ಒಪ್ಪಿಗೆ ಬೇಡ, ಆದರೆ ಕಾಪಾಡುವ ಹೊಣೆ ಇದ್ದೇ ಇದೆ. ಮ್ಯಾನೇಜರನ ವಾಟ್ಸ್ಯಾಪಿನಲ್ಲಿ ಮೂವತ್ತು ಜನರ ಆಧಾರ್ ಫೋಟೋ ಬಿದ್ದುಕೊಂಡಿರುವುದು ಕಾಪಾಡಿದ ಲಕ್ಷಣವಲ್ಲ. ಮಾಹಿತಿ ಸೋರಿದರೆ ಮಂಡಳಿಗೂ ಸಂಬಂಧಪಟ್ಟ ಎಲ್ಲರಿಗೂ ತಡಮಾಡದೆ ತಿಳಿಸಬೇಕು, ಮಂಡಳಿಗೆ 72 ಗಂಟೆಯೊಳಗೆ ಪೂರ್ಣ ವಿವರ ಕೊಡಬೇಕು. ಭದ್ರತೆ ಇಡದಿದ್ದುದಕ್ಕೆ ದಂಡದ ಗರಿಷ್ಠ ಮಿತಿ 250 ಕೋಟಿ, ತಿಳಿಸದಿದ್ದುದಕ್ಕೆ 200 ಕೋಟಿ. ಸಣ್ಣ ಹೋಟೆಲಿಗೆ ಅಷ್ಟು ಹಾಕಿಯಾರೆಂದು ನಮಗೆ ಅನ್ನಿಸುವುದಿಲ್ಲ, ತಪ್ಪಿನ ಗಾತ್ರ ನೋಡಿ ದಂಡ ಎಂದು ಕಾಯ್ದೆಯಲ್ಲೇ ಇದೆ. ಆದರೆ ಸಣ್ಣವರಿಗೆ ವಿನಾಯಿತಿ ಎಂಬುದು ತಾನಾಗಿ ಬಂದಿಲ್ಲ. ಕೆಲವು ವರ್ಗದವರನ್ನು ಕೆಲವು ಹೊಣೆಗಳಿಂದ ಬಿಡುವ ಅಧಿಕಾರವನ್ನು ಕಾಯ್ದೆಯ 17ನೇ ಕಲಮು ಸರಕಾರಕ್ಕೆ ಕೊಟ್ಟಿದೆ. ಆ ಸಾಲಿನಲ್ಲಿ ಹೆಸರಿಟ್ಟು ಹೇಳಿರುವುದು ಸ್ಟಾರ್ಟ್‌ಅಪ್‌ಗಳನ್ನು. ಐವತ್ತು ವರ್ಷ ಹಳೆಯ ಉಡುಪಿ ಹೋಟೆಲು ಸ್ಟಾರ್ಟ್‌ಅಪ್ ಅಲ್ಲವಲ್ಲ! ವಿನಾಯಿತಿ ಬೇಕಾದರೆ 2027ರ ಮೇ ಬರುವುದರೊಳಗೆ ಕೇಳಬೇಕು.

ಮತ್ತೊಂದು ಸೂಕ್ಷ್ಮ ಬಿಲ್ಲಿಂಗ್ ಯಂತ್ರದ ಕಂಪನಿಯದು. ಗಿರಾಕಿಗಳ ನಂಬರು ಇರುವುದು ಅವರ ಸರ್ವರಿನಲ್ಲಿ, ಸೋರುವುದೂ ಅಲ್ಲಿಂದಲೇ. ಆದರೆ ಕಾಯ್ದೆಯ ಭಾಷೆಯಲ್ಲಿ ಅವರು ನಮ್ಮ ಪರವಾಗಿ ಕೆಲಸ ಮಾಡುವವರು, ಕರಾರಿನಲ್ಲಿ ಏನೇ ಬರೆದಿದ್ದರೂ ಉತ್ತರ ಕೊಡಬೇಕಾದವರು ನಾವು. ಹೆಚ್ಚಿನವರ ಕರಾರು ವರ್ಷಕ್ಕೊಮ್ಮೆ, ಬಹುಶಃ ಏಪ್ರಿಲಿನಲ್ಲಿ, ನವೀಕರಣಕ್ಕೆ ಬರುತ್ತದೆ. ಈ ಸಲ ಸಹಿ ಹಾಕುವ ಮೊದಲು ಮೂರು ಸಾಲು ಸೇರಿಸಲು ಹೇಳಿ: ಮಾಹಿತಿ ಎಲ್ಲಿ ಇಡುತ್ತಾರೆ, ಸೋರಿದರೆ ಎಷ್ಟು ಗಂಟೆಯಲ್ಲಿ ನಮಗೆ ತಿಳಿಸುತ್ತಾರೆ, ನಾವು ಯಂತ್ರ ಬದಲಿಸಿದಾಗ ಹಳೆಯ ನಂಬರುಗಳನ್ನು ಅಳಿಸಿ ಬರವಣಿಗೆಯಲ್ಲಿ ಕೊಡುತ್ತಾರೆಯೇ. ಒಪ್ಪದಿದ್ದರೆ ಆ ಕರಾರಿನ ಪ್ರತಿಯೊಂದನ್ನು ಸಂಘದ ಕಚೇರಿಗೆ ಕಳಿಸಿಕೊಡಿ. ಹತ್ತಿಪ್ಪತ್ತು ಜನರ ಪ್ರತಿ ಒಟ್ಟಾದರೆ ನಾವೇ ಹೋಗಿ ಮಾತಾಡುತ್ತೇವೆ.